ಕಫ ಕೊಡಲಾರದ ಮಗು, ರೋಗಾಣು ಹುಡುಕುವ ಯಂತ್ರ

ದೊಡ್ಡವರಲ್ಲಿ ಕ್ಷಯ ಪತ್ತೆ ಮಾಡುವುದು ಕಫದಿಂದ. ಬೆಳಿಗ್ಗೆ ಎದ್ದು ಎದೆಯಾಳದಿಂದ ಕೆಮ್ಮಿ ಡಬ್ಬಿಗೆ ಉಗುಳಿ ಕೊಡಬೇಕು. ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ಕ್ಷಯದ ರೋಗಾಣುವನ್ನು ತೋರಿಸಿಕೊಟ್ಟ ಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ನಮ್ಮ ಪತ್ತೆಯ ಕೆಲಸವೆಲ್ಲ ಬಹುಮಟ್ಟಿಗೆ ಈ ಡಬ್ಬಿಯನ್ನೂ ಸೂಕ್ಷ್ಮದರ್ಶಕವನ್ನೂ ನೆಚ್ಚಿಕೊಂಡೇ ನಡೆಯಿತು. ಎರಡು ವರ್ಷದ ಮಗುವಿಗೆ ಕಫ ಉಗುಳಲು ಬರುವುದಿಲ್ಲ. ಗಂಟಲಿಗೆ ಬಂದದ್ದನ್ನು ಅದು ನುಂಗಿಬಿಡುತ್ತದೆ.

ಉಗುಳಿದರೂ ಸೂಕ್ಷ್ಮದರ್ಶಕಕ್ಕೆ ಹೆಚ್ಚೇನೂ ಕಾಣದು. ಒಂದು ಮಿಲಿಲೀಟರ್ ಕಫದಲ್ಲಿ ಐದು–ಹತ್ತು ಸಾವಿರ ರೋಗಾಣುಗಳಿದ್ದರೆ ಮಾತ್ರ ಅವು ಕಣ್ಣಿಗೆ ಬೀಳುತ್ತವೆ. ಪುಟ್ಟ ಮಕ್ಕಳಲ್ಲಿ ಅಷ್ಟು ರೋಗಾಣುಗಳಿರುವುದು ಅಪರೂಪ. ಕಾಯಿಲೆ ಹೆಚ್ಚಾಗಿ ಶ್ವಾಸಕೋಶದ ಪಕ್ಕದ ದುಗ್ಧಗ್ರಂಥಿಗಳಲ್ಲಿ ಅಡಗಿರುತ್ತದೆ. ಹಾಗಾಗಿ ಖಾಲಿ ಹೊಟ್ಟೆಯ ಮಗುವಿನ ಮೂಗಿನಿಂದ ನಳಿಕೆ ಇಳಿಸಿ ಜಠರದ ದ್ರವವನ್ನು ತೆಗೆಯುತ್ತಿದ್ದರು, ಈಗಲೂ ತೆಗೆಯುತ್ತಾರೆ. ಮಗುವಿಗೂ ತಾಯಿಗೂ ಅದು ಹಿಂಸೆ.

ಆದರೆ ಕಾಯುವಂತಿಲ್ಲ. ರೋಗಾಣು ದೇಹ ಹೊಕ್ಕ ಮಾತ್ರಕ್ಕೆ ಎಲ್ಲರೂ ಕಾಯಿಲೆ ಬೀಳುವುದಿಲ್ಲ. ಸೋಂಕು ಬೇರೆ, ಕಾಯಿಲೆ ಬೇರೆ. ಶಾಲೆಗೆ ಹೋಗುವ ಐದರಿಂದ ಹತ್ತು ವರ್ಷದ ಮಕ್ಕಳಲ್ಲಿ ಸೋಂಕು ಕಾಯಿಲೆಯಾಗುವುದು ತೀರ ಕಡಿಮೆ. ವರ್ಷ ತುಂಬದ ಕೂಸಿನಲ್ಲಿ, ತಡೆಯುವ ಔಷಧ ಕೊಡದಿದ್ದರೆ, ಸುಮಾರು ಅರ್ಧದಷ್ಟು ಸಲ ಅದು ಕಾಯಿಲೆಯಾಗುತ್ತದೆ, ಕೆಲವೇ ತಿಂಗಳಲ್ಲಿ ಮಿದುಳಿನ ಪೊರೆಗೂ ಏರಬಹುದು. ಹುಟ್ಟಿದಾಗ ಹಾಕುವ ಬಿಸಿಜಿ ಲಸಿಕೆ ಇಂಥ ಘೋರ ರೂಪಗಳನ್ನು ಬಹಳಷ್ಟು ತಡೆಯುತ್ತದೆ, ಎಲ್ಲವನ್ನೂ ಅಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು ಹನ್ನೆರಡು ಲಕ್ಷ ಮಕ್ಕಳಿಗೆ ಕ್ಷಯ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಸಾಯುವ ಮಕ್ಕಳಲ್ಲಿ ಬಹುಪಾಲು ಒಂದು ಮಾತ್ರೆಯೂ ಸಿಗದೆ ಸಾಯುತ್ತವೆ. ಗುಣವಾಗುವ ಕಾಯಿಲೆ ಇದು, ಔಷಧವೂ ಇದೆ. ನನ್ನನ್ನು ಹೆಚ್ಚು ಕಲಕುವುದು ಅದೇ.

2010ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಜೀನ್‌ಎಕ್ಸ್‌ಪರ್ಟ್ ಯಂತ್ರ ಇಲ್ಲಿ ನೆರವಿಗೆ ಬಂತು. ನಮ್ಮ ಆಸ್ಪತ್ರೆಗಳಲ್ಲಿ ಇದರ ಪರೀಕ್ಷೆಗೆ ಸಿಬಿನ್ಯಾಟ್ ಎನ್ನುತ್ತಾರೆ. ಅಮೆರಿಕದ ಸೆಫೀಡ್ ಕಂಪನಿಯ ಈ ತಂತ್ರವನ್ನು 2001ರಲ್ಲಿ ಆಂಥ್ರಾಕ್ಸ್ ರೋಗಾಣು ತುಂಬಿದ ಪತ್ರಗಳು ಅಂಚೆಯಲ್ಲಿ ಬಂದ ನಂತರ ಅಲ್ಲಿನ ಅಂಚೆ ಕೇಂದ್ರಗಳ ಗಾಳಿಯನ್ನು ಪರೀಕ್ಷಿಸಲು ಬಳಸಿದ್ದರು. ಯಂತ್ರಕ್ಕಿಂತ ಅದರೊಳಗೆ ಇಡುವ ಅಂಗೈಯಗಲದ ಪ್ಲಾಸ್ಟಿಕ್ ಕಾರ್ಟ್ರಿಜ್ ಹೆಚ್ಚು ಸ್ವಾರಸ್ಯದ್ದು. ಅದರ ನಡುವೆ ಪಿಸ್ಟನ್, ಕೆಳಗೆ ತಿರುಗುವ ಕವಾಟ, ಸುತ್ತ ಸಣ್ಣ ಕೋಣೆಗಳು. ಕವಾಟ ತಿರುಗಿದಂತೆ ದ್ರವ ಒಂದು ಕೋಣೆಯಿಂದ ಇನ್ನೊಂದಕ್ಕೆ ಹರಿಯುತ್ತದೆ. ಜರಡಿಯಲ್ಲಿ ರೋಗಾಣು ಸಿಕ್ಕಿಬೀಳುತ್ತದೆ, ಅದನ್ನು ತೊಳೆದು ಕಿವಿಗೆ ಕೇಳದ ಶಬ್ದದ ಕಂಪನದಿಂದ ಯಂತ್ರ ಅದರ ಮೇಣದಂಥ ಗೋಡೆಯನ್ನು ಒಡೆಯುತ್ತದೆ. ಹೊರಬಿದ್ದ ಡಿಎನ್‌ಎ ತೆಳ್ಳನೆಯ ಕೊಳವೆಗೆ ಸೇರಿ, ಕಾದು ತಣಿಯುತ್ತ ಪ್ರತಿ ಸುತ್ತಿಗೂ ದುಪ್ಪಟ್ಟಾಗುತ್ತದೆ. ಒಂದೇ ಎಳೆ ಮೂವತ್ತು ಸುತ್ತಿನಲ್ಲಿ ನೂರು ಕೋಟಿ ದಾಟಬಲ್ಲದು. ಹುಡುಕುವ ಡಿಎನ್‌ಎ ಸಿಕ್ಕರೆ ಅದಕ್ಕೆ ಅಂಟುವ ಬಣ್ಣದ ಕಣಗಳು ಹೊಳೆಯುತ್ತವೆ. ಸುಮಾರು ಎರಡು ಗಂಟೆಯೊಳಗೆ ಫಲಿತಾಂಶ. ರಿಫಾಂಪಿಸಿನ್ ಔಷಧಕ್ಕೆ ರೋಗಾಣು ಬಗ್ಗುತ್ತದೆಯೇ ಎಂಬುದೂ ಗೊತ್ತಾಗುತ್ತದೆ. 2017ರಲ್ಲಿ ಬಂದ ‘ಅಲ್ಟ್ರಾ’ ಕಾರ್ಟ್ರಿಜ್‌ಗೆ ಮಿಲಿಲೀಟರ್‌ಗೆ ಹದಿನಾರರಷ್ಟು ರೋಗಾಣುಗಳಿದ್ದರೂ ಸಾಕು.

ಇಷ್ಟು ಸೂಕ್ಷ್ಮವಾದ ಯಂತ್ರಕ್ಕೆ ಕಫವೇ ಏಕೆ ಬೇಕು? ಮಗು ನುಂಗಿದ ಕಫ ಎಲ್ಲಿಗೆ ಹೋಗುತ್ತದೆ? ಜಠರದ ಆಮ್ಲವನ್ನೂ ತಡೆದು ರೋಗಾಣುವಿನ ಡಿಎನ್‌ಎ ಮಲದಲ್ಲಿ ಹೊರಬರುತ್ತದೆ. ಮಲದಲ್ಲಿ ಈ ದುಪ್ಪಟ್ಟಾಗುವ ಕ್ರಿಯೆಯನ್ನೇ ತಡೆಯುವ ವಸ್ತುಗಳೂ ಇರುವುದು ತೊಡಕು. ಇಥಿಯೋಪಿಯಾದಲ್ಲಿ ಪಳಗಿಸಿದ ವಿಧಾನ ಇದಕ್ಕೆ ಸರಳ ದಾರಿ ತೋರಿಸಿತು: ಚಿಟಿಕೆಯಷ್ಟು ಮಲವನ್ನು ಕಾರ್ಟ್ರಿಜ್ ಜೊತೆಗೇ ಬರುವ ದ್ರಾವಣದ ಬಾಟಲಿಗೆ ಹಾಕಿ, ಕುಲುಕಿ, ಗಸಿ ತಳ ಸೇರುವವರೆಗೆ ಬಿಟ್ಟು, ಮೇಲಿನ ತಿಳಿಯನ್ನು ಕಾರ್ಟ್ರಿಜ್‌ಗೆ ಹಾಕುವುದು. ನಳಿಕೆ ಬೇಡ, ಮಗುವನ್ನು ಆಸ್ಪತ್ರೆಗೆ ಸೇರಿಸಬೇಕಾಗಿಲ್ಲ. ಮಕ್ಕಳ ಮಲವನ್ನೂ ಪರೀಕ್ಷಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಈಗ ಹೇಳುತ್ತದೆ.

ಯಂತ್ರ ‘ಇಲ್ಲ’ ಎಂದರೆ ಕ್ಷಯ ಇಲ್ಲವೆಂದು ತಿಳಿಯಬಾರದು. ಅನೇಕ ಮಕ್ಕಳಲ್ಲಿ ಅಲ್ಟ್ರಾಗೂ ಸಿಗದಷ್ಟು ಕಡಿಮೆ ರೋಗಾಣುಗಳಿರುತ್ತವೆ. ಇಳಿಯುವ ತೂಕ, ಬಿಡದ ಕೆಮ್ಮು, ಎಕ್ಸ್‌ರೇ, ಮನೆಯಲ್ಲಿ ಯಾರಿಗೆ ಕ್ಷಯವಿದೆ ಎಂಬ ಪ್ರಶ್ನೆ, ಇವನ್ನು ಕೂಡಿಸಿ ವೈದ್ಯರೇ ತೀರ್ಮಾನಿಸಬೇಕು. ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಎಂದು ನನ್ನ ನಂಬಿಕೆ. ಪುಟ್ಟ ಮಗುವಿನ ಸೋಂಕು ಇತ್ತೀಚಿನದೇ ಆಗಿರಬೇಕು. ಹತ್ತಿರದಲ್ಲೇ ದೊಡ್ಡವರೊಬ್ಬರು ಕೆಮ್ಮುತ್ತಿರಬೇಕು. 1959ರಲ್ಲಿ ಆರಂಭವಾದ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಮಕ್ಕಳ ಮುಂಗೈಗೆ, ಸೋಂಕು ತಗುಲಿದೆಯೇ ಎಂದು ತೋರಿಸುವ ಟ್ಯೂಬರ್ಕ್ಯುಲಿನ್ ಚುಚ್ಚಿ, ಊರುಗಳಲ್ಲಿ ಕ್ಷಯ ಎಷ್ಟು ಹರಡುತ್ತಿದೆ ಎಂದು ಅಳೆದದ್ದು ಈ ತರ್ಕದ ಮೇಲೆಯೇ.

ಚಿಕಿತ್ಸೆಯೂ ಹಗುರವಾಗಿದೆ. ಭಾರತ, ಉಗಾಂಡಾ, ಜಾಂಬಿಯಾ, ದಕ್ಷಿಣ ಆಫ್ರಿಕಾಗಳ 1,204 ಮಕ್ಕಳ ಮೇಲೆ ನಡೆದ ‘ಶೈನ್’ ಅಧ್ಯಯನದಲ್ಲಿ, ತೀವ್ರವಲ್ಲದ ಕ್ಷಯಕ್ಕೆ ಆರು ತಿಂಗಳ ಬದಲು ನಾಲ್ಕು ತಿಂಗಳ ಔಷಧ ಅಷ್ಟೇ ಚೆನ್ನಾಗಿ ಕೆಲಸ ಮಾಡಿತು. ಮಾತ್ರೆಯನ್ನು ಈಗ ಕುಟ್ಟಿ ಪುಡಿ ಮಾಡಬೇಕಾಗಿಲ್ಲ. ಹಣ್ಣಿನ ರುಚಿಯದು, ನೀರಿನಲ್ಲಿ ಕರಗಿಸಿ ಕುಡಿಸಬಹುದು.