ಮೋಟಾರು ಪಂದ್ಯದ ಕೈಗವಸು

ಮೋಟಾರು ಪಂದ್ಯದ ಕೈಗವಸು ಎಂಬುದು ಕಾರು ಪಂದ್ಯಗಳಲ್ಲಿ ಚಾಲಕರು ಧರಿಸುವ ಅಗ್ನಿನಿರೋಧಕ ರಕ್ಷಣಾ ಸಾಧನ. ಸ್ಟೀರಿಂಗ್ ಚಕ್ರದ ಮೇಲಿನ ಹಿಡಿತ ಜಾರದಂತೆ ನೋಡಿಕೊಳ್ಳುವುದು, ಅಂಗೈಯಲ್ಲಿ ಬೊಬ್ಬೆ ಏಳದಂತೆ ತಡೆಯುವುದು ಇದರ ನಿತ್ಯದ ಕೆಲಸ. ಮುಖ್ಯ ಉದ್ದೇಶ ಬೇರೆಯದು. ಕಾರಿಗೆ ಬೆಂಕಿ ಹತ್ತಿದಾಗ ಬಿಗಿಪಟ್ಟಿಯ ಕೊಂಡಿ ಕಳಚಿ, ಸ್ಟೀರಿಂಗ್ ತೆಗೆದು ಹೊರಬರುವವರೆಗೆ ಚಾಲಕನ ಬೆರಳುಗಳು ಕೆಲಸ ಮಾಡುತ್ತಿರಬೇಕು. ಕೈಗವಸು ಬೆಂಕಿಯನ್ನು ಗೆಲ್ಲುವುದಿಲ್ಲ. ಕೆಲವು ಸೆಕೆಂಡುಗಳ ಕಾಲಾವಕಾಶವನ್ನು ದೊರಕಿಸಿಕೊಡುತ್ತದೆ, ಅಷ್ಟೆ.

ಹಿನ್ನೆಲೆ

ಆರಂಭದ ದಶಕಗಳಲ್ಲಿ ಚಾಲಕರು ಚರ್ಮದ ಸಾಮಾನ್ಯ ಕೈಗವಸುಗಳನ್ನು ತೊಡುತ್ತಿದ್ದರು. ಮರದ ಸ್ಟೀರಿಂಗ್ ಚಕ್ರದ ಉಜ್ಜುವಿಕೆಯಿಂದ ರಕ್ಷಣೆ ಪಡೆಯುವುದೇ ಆಗಿನ ಗುರಿಯಾಗಿತ್ತು. ಅಮೆರಿಕದ ಡುಪಾಂಟ್ ಕಂಪನಿಯು 1960ರ ದಶಕದಲ್ಲಿ ನೋಮೆಕ್ಸ್ ಎಂಬ ಅರಾಮಿಡ್ ನೂಲನ್ನು ರೂಪಿಸಿದ ಮೇಲೆ ಪರಿಸ್ಥಿತಿ ಬದಲಾಯಿತು. ನೈಲಾನ್, ಪಾಲಿಯೆಸ್ಟರ್‌ಗಳು ಬಿಸಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ನೋಮೆಕ್ಸ್ ಕರಗುವುದಿಲ್ಲ, ಕರಿಕಾಗಿ ದಪ್ಪವಾಗುತ್ತದೆ. ಆ ಕರಿಕಿನ ಪದರವೇ ಚರ್ಮಕ್ಕೂ ಜ್ವಾಲೆಗೂ ನಡುವೆ ತಡೆಯಾಗುತ್ತದೆ.

ಗ್ರೋಜಾನ್ ಅಪಘಾತ

2020ರ ನವೆಂಬರ್ 29ರಂದು ಬಹ್ರೇನ್ ಗ್ರ್ಯಾನ್ ಪ್ರಿಯ ಮೊದಲ ಸುತ್ತಿನಲ್ಲಿಯೇ ಹಾಸ್ ತಂಡದ ರೊಮೇನ್ ಗ್ರೋಜಾನ್ ಅವರ ಕಾರು ಗಂಟೆಗೆ 192 ಕಿ.ಮೀ. ವೇಗದಲ್ಲಿ ಲೋಹದ ತಡೆಬೇಲಿಗೆ ಅಪ್ಪಳಿಸಿ, ಎರಡು ತುಂಡಾಗಿ ಹೊತ್ತಿಕೊಂಡಿತು. ಅವರ ಎಡಗಾಲು ಸಿಕ್ಕಿಹಾಕಿಕೊಂಡಿತ್ತು. ಬೂಟನ್ನು ಅಲ್ಲಿಯೇ ಬಿಟ್ಟು ಕಾಲೆಳೆದುಕೊಂಡು, ಎರಡೂ ಕೈಗಳನ್ನು ಊರಿ ಮೇಲೆದ್ದು, ಸುಮಾರು 27 ಸೆಕೆಂಡುಗಳಲ್ಲಿ ಅವರು ಹೊರಬಂದರು. ತಲೆ, ಮೈ ಬಹುಮಟ್ಟಿಗೆ ಪಾರಾದವು. ಸುಟ್ಟದ್ದು ಮುಖ್ಯವಾಗಿ ಕೈಗಳು, ಅದರಲ್ಲೂ ಮುಂಗೈಯ ಹಿಂಬದಿ. ಕೆಂಪು ಕೈಗವಸು ಕಣ್ಣೆದುರೇ ಕಪ್ಪಾದುದನ್ನು ಅವರು ನಂತರ ಹೇಳಿಕೊಂಡರು. ಆ ವರ್ಷದ ಉಳಿದ ಎರಡು ಪಂದ್ಯಗಳಿಗೆ ಅವರು ಇಳಿಯಲಿಲ್ಲ. ದೇಹದ ಇತರ ಭಾಗಗಳ ಮೇಲೆ ಮೇಲುಡುಪು, ಒಳ ಉಡುಪು ಎಂದು ಹಲವು ಪದರಗಳಿರುತ್ತವೆ. ಕೈಗೆ ಮಾತ್ರ ಕೈಗವಸೊಂದೇ ಆಸರೆ; ಹೊರಬರಲು ಬೆಂಕಿಯೊಳಗೆ ಮೊದಲು ಚಾಚಬೇಕಾದದ್ದೂ ಕೈಯೇ.

ಮಾನದಂಡಗಳು

ಅಂತರರಾಷ್ಟ್ರೀಯ ಮೋಟಾರು ಒಕ್ಕೂಟ ಎಫ್‌ಐಎ, ಚಾಲಕರ ಉಡುಪಿಗೆ 8856-2000 ಮತ್ತು ಅದಕ್ಕಿಂತ ಕಟ್ಟುನಿಟ್ಟಾದ 8856-2018 ಎಂಬ ಮಾನದಂಡಗಳನ್ನು ವಿಧಿಸಿದೆ. ಅಮೆರಿಕದ ಎಸ್‌ಎಫ್‌ಐ ಸಂಸ್ಥೆಯ 3.3 ಮಾನದಂಡವೂ ಪ್ರಚಲಿತದಲ್ಲಿದೆ. ಅದರಲ್ಲಿ 3.3/5 ಗುರುತಿನ ಕೈಗವಸು ಎರಡನೆಯ ಹಂತದ ಸುಟ್ಟಗಾಯ ಆಗುವ ಮುನ್ನ ಸುಮಾರು 10 ಸೆಕೆಂಡು, 3.3/1 ಗುರುತಿನದು ಸುಮಾರು 3 ಸೆಕೆಂಡು ತಡೆಯುತ್ತದೆ. 2018ರಿಂದ ಫಾರ್ಮುಲಾ ಒನ್ ಚಾಲಕರ ಕೈಗವಸಿನೊಳಗೆ ನಾಡಿಬಡಿತ ಹಾಗೂ ರಕ್ತದ ಆಮ್ಲಜನಕವನ್ನು ಅಳೆಯುವ ಪುಟ್ಟ ಸಂವೇದಕವನ್ನೂ ಹೊಲಿಯಲಾಗುತ್ತಿದೆ.

ಎಫ್‌ಐಎ ನಿಯಮದಂತೆ ಚಾಲಕನಿಗೆ ಕೈಗವಸು ಕಡ್ಡಾಯ, ಸಹಚಾಲಕನಿಗೆ ಐಚ್ಛಿಕ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯುವಂತಹ ರ‍್ಯಾಲಿಗಳಲ್ಲಿ ಸಹಚಾಲಕನು ದಾರಿಯ ಟಿಪ್ಪಣಿಗಳ ಹಾಳೆ ತಿರುವುತ್ತ ಹೋಗಬೇಕಾಗಿರುವುದನ್ನು ನೆನೆದರೆ ಈ ಸಡಿಲಿಕೆ ಅರ್ಥವಾಗುತ್ತದೆ. ವಿದ್ಯುತ್ ಕಾರುಗಳಿಗೆ ವಿನಾಯಿತಿ ಇಲ್ಲ. ಬೀದರಿನ ನೆರೆಯ ಹೈದರಾಬಾದಿನಲ್ಲಿ, ಹುಸೇನ್ ಸಾಗರದ ದಂಡೆಯ ಮೇಲೆ 2023ರ ಫೆಬ್ರುವರಿ 11ರಂದು ಫಾರ್ಮುಲಾ ಇ ಪಂದ್ಯ ನಡೆಯಿತು. ಆ ಕಾರುಗಳಲ್ಲಿ ಪೆಟ್ರೋಲ್ ಇಲ್ಲ, ಆದರೆ ಲಿಥಿಯಂ ಬ್ಯಾಟರಿಯೂ ಹೊತ್ತಿಕೊಳ್ಳಬಲ್ಲದು.

ಆಯ್ಕೆ

ಬೆಂಗಳೂರಿನ ಅರ್ಜುನ್ ಮೈನಿ, ಕುಶ್ ಮೈನಿ ಸಹೋದರರಂತೆ ಬಹುತೇಕ ಚಾಲಕರು ಕಾರ್ಟಿಂಗ್‌ನಿಂದ ಆರಂಭಿಸಿ ಕಾರಿಗೆ ಬಡ್ತಿ ಪಡೆಯುತ್ತಾರೆ. ಹೊಸಬರು ಎಡವುವುದು ಈ ಘಟ್ಟದಲ್ಲಿಯೇ. ಕಾರ್ಟ್‌ನಲ್ಲಿ ಬಿಗಿಪಟ್ಟಿ ಇರುವುದಿಲ್ಲ. ಚಾಲಕನು ಹೊರಕ್ಕೆ ಎಸೆಯಲ್ಪಡುತ್ತಾನೆ. ಆದ್ದರಿಂದ ಕಾರ್ಟಿಂಗ್ ಕೈಗವಸು ನೆಲದ ಉಜ್ಜುವಿಕೆಯನ್ನು ತಾಳಲೆಂದು ತಯಾರಾಗುತ್ತದೆ, ಬೆಂಕಿಯನ್ನಲ್ಲ. ಉಡುಪಿಯ ಕೆ.ಪಿ. ಅರವಿಂದ್, ಬೆಂಗಳೂರಿನ ಸಿ.ಎಸ್. ಸಂತೋಷ್ ಅವರು ಡಾಕರ್ ರ‍್ಯಾಲಿಯಲ್ಲಿ ಓಡಿಸಿದಂತಹ ಬೈಕುಗಳ ಕೈಗವಸಿನದೂ ಇದೇ ಕಥೆ. ನೋಟಕ್ಕೆ ಮೂರೂ ಒಂದೇ ತರಹ. ಮಣಿಕಟ್ಟಿನ ಬಳಿ ಹೊಲಿದಿರುವ ಮಾನದಂಡದ ಗುರುತನ್ನು ಓದದೆ ಕಾರಿಗೆ ಯಾವುದು ಸಲ್ಲುತ್ತದೆಂದು ತಿಳಿಯದು. 2018ರ ಮಾನದಂಡದ ಗುರುತಿನಲ್ಲಿ ಮಾನ್ಯತೆ ಮುಗಿಯುವ ವರ್ಷವೂ ಇರುತ್ತದೆ. ಬಳಸಿದ ಕೈಗವಸು ಕೊಳ್ಳುವವರು ಅದನ್ನು ನೋಡಲೇಬೇಕು.

ಅಳತೆಯನ್ನು ಕೈ ಚಾಚಿ ನೋಡಿದರೆ ಸಾಲದು, ಮುಷ್ಟಿ ಬಿಗಿದು ನೋಡಬೇಕು. ಬೆರಳ ತುದಿಯಲ್ಲಿ ಬಟ್ಟೆ ಸಡಿಲವಾಗಿದ್ದರೆ ಗುಂಡಿಗಳನ್ನು ಒತ್ತುವಾಗ ತಪ್ಪಾಗುತ್ತದೆ. ತೀರ ಬಿಗಿಯಾದರೆ ಕೈ ಜೋಮು ಹಿಡಿಯುತ್ತದೆ. ಹೊಲಿಗೆ ಹೊರಮುಖವಾಗಿದ್ದರೆ ಬೆರಳಿಗೆ ಒತ್ತುವುದಿಲ್ಲ. ಕೈಗವಸಿನ ಕೊರಳು ಉಡುಪಿನ ತೋಳಿನ ಮೇಲೆ ಸಾಕಷ್ಟು ಹರಡಿರಬೇಕು. ಮಣಿಕಟ್ಟಿನಲ್ಲಿ ಒಂದು ಬೆರಳಗಲ ಚರ್ಮ ಕಂಡರೂ ಅದು ದೋಷವೇ. ದಪ್ಪ ಹೆಚ್ಚಿದಷ್ಟೂ ರಕ್ಷಣೆ ಹೆಚ್ಚು, ಸ್ಪರ್ಶಜ್ಞಾನ ಕಡಿಮೆ. ಅದಕ್ಕೇ ಅಂಗೈಯ ಭಾಗವನ್ನು ತೆಳುವಾಗಿಟ್ಟು, ಹಿಡಿತಕ್ಕೆ ಮೃದು ಚರ್ಮವನ್ನೋ ಸಿಲಿಕೋನನ್ನೋ ಕೂಡಿಸುತ್ತಾರೆ.

ನಿರ್ವಹಣೆ

ತಯಾರಕರ ಸೂಚನೆಯಂತೆ ಸೌಮ್ಯ ಸಾಬೂನಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸುವುದು ರೂಢಿ. ಬ್ಲೀಚ್ ನೂಲನ್ನು ಕೆಡಿಸುತ್ತದೆ. ಬಟ್ಟೆ ಮೃದುಗೊಳಿಸುವ ದ್ರಾವಣ ಉರಿಯಬಲ್ಲ ಲೇಪವನ್ನು ಬಿಟ್ಟುಹೋಗುತ್ತದೆ. ಎಣ್ಣೆ, ಪೆಟ್ರೋಲ್ ಹೀರಿಕೊಂಡ ಕೈಗವಸು ಬತ್ತಿಯಂತೆ ಉರಿಯುತ್ತದೆ. ಆದ್ದರಿಂದ ಕಾರು ರಿಪೇರಿಗೆ ಬೇರೆಯೇ ಒಂದು ಜೊತೆಯನ್ನು ಇಟ್ಟುಕೊಳ್ಳಬೇಕು.