ಮೊದಲು ಲೆಕ್ಕ, ಆಮೇಲೆ ಗಣಕಯಂತ್ರ

ಬೀದರ್ ಜಿಲ್ಲೆಯ ಹುಲಸೂರಿನಂತಹ ಊರುಗಳಲ್ಲಿ ವ್ಯಾಪಾರದ ಗಣಕಯಂತ್ರವು ಅನೇಕ ವೇಳೆ ಅಂಗಡಿಯಲ್ಲಿ ಇರುವುದಿಲ್ಲ, ಮನೆಯಲ್ಲಿರುತ್ತದೆ. ಹಗಲಿನ ಬಿಲ್ಲುಗಳು ಸಂಜೆ ಕಟ್ಟಾಗಿ ಮನೆಗೆ ಬರುತ್ತವೆ. ರಾತ್ರಿ ಊಟವಾದ ಮೇಲೆ ಮಗನೋ ಸೊಸೆಯೋ ಅವುಗಳನ್ನು ಲೆಕ್ಕದ ತಂತ್ರಾಂಶಕ್ಕೆ ಏರಿಸುತ್ತಾರೆ. ಅದೇ ಯಂತ್ರದಲ್ಲಿ ಮಕ್ಕಳ ಪಾಠವೂ ಇರುತ್ತದೆ, ಮದುವೆಯ ಭಾವಚಿತ್ರಗಳೂ ಇರುತ್ತವೆ, ಆರು ವರ್ಷಗಳ ಖರೀದಿ-ಮಾರಾಟದ ಲೆಕ್ಕವೂ ಇರುತ್ತದೆ.

ಬೀಜ-ಗೊಬ್ಬರದ ವ್ಯಾಪಾರಿಯೊಬ್ಬರ ಮನೆಯಲ್ಲಿ ಜೂನ್ 19ರ ರಾತ್ರಿಯನ್ನು ಊಹಿಸಿಕೊಳ್ಳಬಹುದು. ಮುಂಗಾರು ಬಿತ್ತನೆಯ ಕಾಲ. ತೊಗರಿ, ಸೋಯಾಬೀನ್, ಹೆಸರು, ಉದ್ದಿನ ಬೀಜಕ್ಕಾಗಿ ದಿನವಿಡೀ ಅಂಗಡಿಯಲ್ಲಿ ರೈತರ ನೂಕುನುಗ್ಗಲು. ಮೇ ತಿಂಗಳ ಜಿಎಸ್‌ಟಿಆರ್-3ಬಿ ವಿವರಪಟ್ಟಿ ಸಲ್ಲಿಸಲು ಮರುದಿನವೇ ಕಡೆಯ ದಿನ. ಯಂತ್ರದ ಪರದೆಯ ಮೇಲೆ ಅಪ್‌ಡೇಟ್ ನಡೆಯುತ್ತಿದೆ, ಆರಿಸಬೇಡಿ ಎಂಬ ಸೂಚನೆ. ಅಷ್ಟರಲ್ಲಿ ಗಾಳಿ-ಮಳೆಗೆ ವಿದ್ಯುತ್ ಹೋಗುತ್ತದೆ. ಮರಳಿ ಬಂದ ಮೇಲೆ ಗುಂಡಿ ಒತ್ತಿದರೆ ಕಾಣುವುದು ನೀಲಿ ಪರದೆ ಮಾತ್ರ. ಬಸವಕಲ್ಯಾಣದ ದುರಸ್ತಿಗಾರನಿಗೆ ದೂರವಾಣಿ ಮಾಡಿದರೆ, "ಫಾರ್ಮ್ಯಾಟ್ ಹೊಡೀಬೇಕಾಗ್ತದ್ರಿ ಸಾವಕಾರ್ರೆ" ಎಂಬ ಉತ್ತರ ಬರುವ ಸಂಭವವೇ ಹೆಚ್ಚು.

ಈ ಒಂದು ಮಾತಿಗೆ ಆತುರದಲ್ಲಿ ಒಪ್ಪಿಗೆ ಕೊಡುವುದೇ ಇಡೀ ಪ್ರಸಂಗದ ಅತಿ ದೊಡ್ಡ ನಷ್ಟಕ್ಕೆ ಕಾರಣವಾಗಬಲ್ಲುದು. ವಿಫಲವಾದ ಅಪ್‌ಡೇಟ್ ಸಾಮಾನ್ಯವಾಗಿ ಕೆಡಿಸುವುದು ಕಾರ್ಯಾಚರಣ ವ್ಯವಸ್ಥೆಯನ್ನೇ ಹೊರತು ಲೆಕ್ಕದ ಕಡತಗಳನ್ನಲ್ಲ. ಆ ಕಡತಗಳನ್ನು ಅಳಿಸುವುದು ಆಮೇಲೆ ಅವಸರದಲ್ಲಿ ಮಾಡುವ ದುರಸ್ತಿ.

ಪಣಕ್ಕಿರುವುದು ಯಂತ್ರವಲ್ಲ

ಯಂತ್ರ ಹೋದರೆ ಇನ್ನೊಂದನ್ನು ಕೊಳ್ಳಬಹುದು. ಲೆಕ್ಕ ಹೋದರೆ ಕೊಳ್ಳಲು ಸಿಗುವುದಿಲ್ಲ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 36ನೇ ಕಲಮಿನಂತೆ, ಆಯಾ ವರ್ಷದ ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕಾದ ಕಡೆಯ ದಿನಾಂಕದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಪಾಡತಕ್ಕದ್ದು. ಲೆಕ್ಕವನ್ನು ವಿದ್ಯುನ್ಮಾನ ರೂಪದಲ್ಲಿ ಇಡುವವರು ಅದರ ಪ್ರತಿಯನ್ನೂ ಸರಿಯಾಗಿ ಇರಿಸಿಕೊಂಡಿರಬೇಕು. ಅಪಘಾತದಿಂದ ಮೂಲವು ನಾಶವಾದರೆ ಯುಕ್ತ ಕಾಲದೊಳಗೆ ಮರಳಿ ಪಡೆಯುವಂತಿರಬೇಕು ಎಂದು ನಿಯಮ 57 ವಿಧಿಸುತ್ತದೆ. ಗಣಕಯಂತ್ರ ಕೆಟ್ಟಿತ್ತು ಎಂಬ ಸಮಾಧಾನವನ್ನು ಕಾನೂನು ಮೊದಲೇ ನಿರೀಕ್ಷಿಸಿದೆ ಎಂದೇ ಇದರ ಅರ್ಥ.

3ಬಿ ವಿವರಪಟ್ಟಿ ತಡವಾದರೆ ದಿನಕ್ಕೆ 50 ರೂಪಾಯಿ, ತೆರಿಗೆ ಬಾಧ್ಯತೆ ಇಲ್ಲದಿದ್ದಲ್ಲಿ 20 ರೂಪಾಯಿ ವಿಳಂಬ ಶುಲ್ಕವಿದೆ. ಬಾಕಿ ತೆರಿಗೆಯ ಮೇಲೆ ವಾರ್ಷಿಕ ಶೇಕಡಾ 18ರಂತೆ ಬಡ್ಡಿ ಬೀಳುತ್ತದೆ. ಪ್ರತಿ ತಿಂಗಳು 11ರೊಳಗೆ ಸಲ್ಲಿಸಬೇಕಾದ ಜಿಎಸ್‌ಟಿಆರ್-1 ತಪ್ಪಿದರೆ ಪೆಟ್ಟು ಇನ್ನೊಬ್ಬರಿಗೂ ತಗಲುತ್ತದೆ. ಸರಕು ಕೊಂಡ ವ್ಯಾಪಾರಿಯ 2ಬಿ ಪಟ್ಟಿಯಲ್ಲಿ ಆ ಬಿಲ್ಲು ಕಾಣಿಸಿಕೊಳ್ಳುವುದಿಲ್ಲ, ಅವನ ಹೂಡುವಳಿ ತೆರಿಗೆ ಜಮೆ ನಿಲ್ಲುತ್ತದೆ. ಒಬ್ಬರ ಮನೆಯ ಯಂತ್ರ ಕೆಟ್ಟರೆ ಭಾಲ್ಕಿ, ಹುಮನಾಬಾದಿನ ಗಿರಾಕಿಗಳು ಹಣ ಕೊಡುವ ಮೊದಲು ಬಿಲ್ಲಿನ ಬಗ್ಗೆ ವಿಚಾರಿಸುವಂತಾಗುತ್ತದೆ.

ಸಮಾಧಾನದ ಸಂಗತಿಯೊಂದಿದೆ. ವಿವರಪಟ್ಟಿಯನ್ನು ಯಾವುದೇ ಗಣಕಯಂತ್ರದಿಂದ ಸಲ್ಲಿಸಬಹುದು. ಒಡೆತನದ ಸಂಸ್ಥೆಗಳಿಗೆ ಮೊಬೈಲಿಗೆ ಬರುವ ಒಟಿಪಿ ಸಾಕು. ಆದ್ದರಿಂದ ಲೆಕ್ಕದ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಇದ್ದರೆ, ನೆರೆಮನೆಯ ಯಂತ್ರದಲ್ಲೋ ಲೆಕ್ಕ ಪರಿಶೋಧಕರ ಕಚೇರಿಯಲ್ಲೋ 20ನೇ ತಾರೀಖಿನ ಕೆಲಸ ಮುಗಿಯುತ್ತದೆ. ಕೆಟ್ಟ ಯಂತ್ರವನ್ನು ನಿಧಾನವಾಗಿ ನೋಡಿಕೊಳ್ಳಬಹುದು.

ಅಪ್‌ಡೇಟ್ ಏಕೆ ವಿಫಲವಾಗುತ್ತದೆ

ಮೇಲೆ ಹೇಳಿದ ವಿದ್ಯುತ್ ಕಡಿತ ಒಂದು ಕಾರಣ ಮಾತ್ರ. ಸಿ ಡ್ರೈವ್ ಭರ್ತಿಯಾಗಿ ಹೊಸ ಕಡತಗಳಿಗೆ ಜಾಗವಿಲ್ಲದಿರುವುದು, ಹಳೆಯ ಪ್ರಿಂಟರ್ ಅಥವಾ ಗ್ರಾಫಿಕ್ಸ್ ಡ್ರೈವರ್ ಹೊಸ ಆವೃತ್ತಿಗೆ ಹೊಂದದಿರುವುದು, ವೈರಸ್ ನಿರೋಧಕ ತಂತ್ರಾಂಶ ಅಡ್ಡಬರುವುದು, ಹಾರ್ಡ್ ಡಿಸ್ಕ್ ಸವೆದಿರುವುದು, ಅನಧಿಕೃತ ವಿಂಡೋಸ್ ಪ್ರತಿಯಲ್ಲಿ ಯಾರೋ ಮೂಲ ಕಡತಗಳನ್ನು ತಿದ್ದಿರುವುದು ಇತರ ಕಾರಣಗಳು.

ಕೆಲವೊಮ್ಮೆ ದೋಷ ಕಳುಹಿಸಿದವರದೇ ಆಗಿರುತ್ತದೆ. 2024ರ ಜನವರಿ 9ರಂದು ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ ವಿಂಡೋಸ್ 10ರ ಒಂದು ಭದ್ರತಾ ಅಪ್‌ಡೇಟ್ ಜಗತ್ತಿನಾದ್ಯಂತ ಅಸಂಖ್ಯಾತ ಯಂತ್ರಗಳಲ್ಲಿ 80070643 ಎಂಬ ದೋಷಸಂಖ್ಯೆ ತೋರಿಸಿ ನಿಂತಿತು. ಡಿಸ್ಕಿನಲ್ಲಿ ದುರಸ್ತಿಗಾಗಿ ಮೀಸಲಿಟ್ಟ ಚಿಕ್ಕ ವಿಭಾಗದಲ್ಲಿ ಬೇಕಾದ 250 ಮೆಗಾಬೈಟ್ ಖಾಲಿ ಜಾಗ ಇರಲಿಲ್ಲವೆಂಬುದೇ ಕಾರಣ. ಆ ಯಂತ್ರಗಳು ಎಂದಿನಂತೆ ಕೆಲಸ ಮಾಡುತ್ತಲೇ ಇದ್ದವು. ಕೆಂಪಕ್ಷರದ ಸೂಚನೆ ಕಂಡು ಹೆದರಿ ಫಾರ್ಮ್ಯಾಟ್ ಮಾಡಿಸಿದವರು ಇಲ್ಲದ ರೋಗಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿದಂತಾಯಿತು. 2018ರ ಅಕ್ಟೋಬರಿನ ಆವೃತ್ತಿಯಾದರೋ ಕೆಲವು ಬಳಕೆದಾರರ ದಾಖಲೆಗಳನ್ನೇ ಅಳಿಸಿಹಾಕಿತು. ಕಂಪನಿ ಅದರ ವಿತರಣೆಯನ್ನು ಕೆಲವೇ ದಿನಗಳಲ್ಲಿ ನಿಲ್ಲಿಸಿ, ಸರಿಪಡಿಸಿ, ನವೆಂಬರಿನಲ್ಲಿ ಮತ್ತೆ ಬಿಡುಗಡೆ ಮಾಡಬೇಕಾಯಿತು.

ದೊಡ್ಡ ಸಂಸ್ಥೆಗಳೂ ಇದಕ್ಕೆ ಹೊರತಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಏಕಕಾಲಕ್ಕೆ ನೀಲಿ ಪರದೆಗೆ ಬಿದ್ದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್ ಕೊಡಲಾಯಿತು. ಆ ದಿನ ಸೂಚಿಸಲಾದ ಪರಿಹಾರ ಫಾರ್ಮ್ಯಾಟ್ ಅಲ್ಲ. ಯಂತ್ರವನ್ನು ಸೇಫ್ ಮೋಡ್‌ನಲ್ಲಿ ತೆರೆದು ಒಂದು ಕಡತವನ್ನು ಅಳಿಸುವುದು ಅಷ್ಟೇ ಆಗಿತ್ತು.

ದುರಸ್ತಿಯ ಕ್ರಮ

ಮೊದಲನೆಯದಾಗಿ, ಕಾಯಬೇಕು. ಅಪ್‌ಡೇಟ್ ಸೋತಾಗ ವಿಂಡೋಸ್ ತಾನಾಗಿಯೇ ಹಿಂದಿನ ಸ್ಥಿತಿಗೆ ಮರಳಲು ಯತ್ನಿಸುತ್ತದೆ. ಬದಲಾವಣೆಗಳನ್ನು ಹಿಂದೆಗೆಯಲಾಗುತ್ತಿದೆ ಎಂಬರ್ಥದ ಸೂಚನೆ ಹಳೆಯ ಯಂತ್ರಗಳಲ್ಲಿ ಗಂಟೆಗಟ್ಟಲೆ ಇರಬಹುದು. ಡಿಸ್ಕಿನ ದೀಪ ಮಿನುಗುತ್ತಿರುವವರೆಗೆ ವಿದ್ಯುತ್ ಕಡಿಯಬಾರದು.

ಎರಡನೆಯದಾಗಿ, ಯಂತ್ರ ತೆರೆದುಕೊಂಡರೆ ಬೇರೆ ಯಾವ ಕೆಲಸಕ್ಕೂ ಮೊದಲು ಲೆಕ್ಕದ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳತಕ್ಕದ್ದು. ಲೆಕ್ಕದ ತಂತ್ರಾಂಶಗಳು ತಮ್ಮ ಕಡತಗಳನ್ನು ಹಲವು ವೇಳೆ ಡಾಕ್ಯುಮೆಂಟ್ಸ್ ಫೋಲ್ಡರಿನ ಹೊರಗೆ ಇಟ್ಟಿರುತ್ತವೆ. ಆ ಜಾಗ ಯಾವುದೆಂಬುದನ್ನು ಯಂತ್ರ ಸರಿಯಿದ್ದಾಗಲೇ ನೋಡಿ ಬರೆದಿಟ್ಟುಕೊಂಡಿರಬೇಕು.

ಮೂರನೆಯದಾಗಿ, ಯಂತ್ರ ತೆರೆಯದಿದ್ದರೆ ದುರಸ್ತಿ ಪರದೆಯನ್ನು ಬಳಸಬೇಕು. ಎರಡು-ಮೂರು ಬಾರಿ ಆರಂಭ ವಿಫಲವಾದರೆ ಅದು ತಾನಾಗಿಯೇ ಬರುತ್ತದೆ. ಅಲ್ಲಿ ಸ್ಟಾರ್ಟ್‌ಅಪ್ ರಿಪೇರ್, ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್, ಸಿಸ್ಟಂ ರಿಸ್ಟೋರ್, ಸೇಫ್ ಮೋಡ್ ಎಂಬ ಆಯ್ಕೆಗಳಿವೆ. ಇವನ್ನು ಇದೇ ಕ್ರಮದಲ್ಲಿ ಪ್ರಯತ್ನಿಸಬಹುದು. ಇವು ಲೆಕ್ಕದ ಕಡತಗಳನ್ನು ಅಳಿಸಲೆಂದು ಇರುವ ಉಪಾಯಗಳಲ್ಲ. ಅಲ್ಲಿಯೇ ಇರುವ ರಿಸೆಟ್ ಎಂಬ ಆಯ್ಕೆಯನ್ನು ಮಾತ್ರ ಮುಟ್ಟಬಾರದು. ಕಡತಗಳನ್ನು ಉಳಿಸಿಕೊಳ್ಳುವ ರೀತಿಯ ರಿಸೆಟ್ ಕೂಡ ಸ್ಥಾಪಿಸಿದ ತಂತ್ರಾಂಶಗಳನ್ನು ತೆಗೆದುಹಾಕುತ್ತದೆ.

ನಾಲ್ಕನೆಯದಾಗಿ, ಇದಾವುದೂ ಫಲಿಸದಿದ್ದರೆ ಹಾರ್ಡ್ ಡಿಸ್ಕನ್ನು ಹೊರತೆಗೆದು ಯುಎಸ್‌ಬಿ ಕೇಬಲ್ ಮೂಲಕ ಬೇರೆ ಯಂತ್ರಕ್ಕೆ ಜೋಡಿಸಿ ಕಡತಗಳನ್ನು ತೆಗೆದುಕೊಳ್ಳಬಹುದು. ಲಿನಕ್ಸ್ ಇರುವ ಪೆನ್‌ಡ್ರೈವಿನಿಂದ ಯಂತ್ರವನ್ನು ತೆರೆದೂ ನಕಲು ಮಾಡಬಹುದು. ದುರಸ್ತಿಗಾರರಿಗೆ ಇದು ತಿಳಿಯದ ಕೆಲಸವಲ್ಲ, ಗಿರಾಕಿ ಕೇಳಬೇಕು ಅಷ್ಟೆ. ಡಿಸ್ಕಿನಿಂದ ಟಕ್‌ಟಕ್ ಸದ್ದು ಬರುತ್ತಿದ್ದರೆ ದುರಸ್ತಿಯ ಆದೇಶಗಳನ್ನು ಮತ್ತೆ ಮತ್ತೆ ಓಡಿಸದೆ ಮೊದಲು ನಕಲು ಮಾಡಿಸಬೇಕು. ಸಾಯುತ್ತಿರುವ ಡಿಸ್ಕ್ ಹೆಚ್ಚು ಶ್ರಮವನ್ನು ತಾಳಲಾರದು.

ಹೊಸ ಲ್ಯಾಪ್‌ಟಾಪ್ ಇರುವವರು ಇನ್ನೊಂದನ್ನು ಗಮನಿಸಬೇಕು. ಅನೇಕವುಗಳಲ್ಲಿ ಬಿಟ್‌ಲಾಕರ್ ಬೀಗ ಮಾಲೀಕರ ಅರಿವಿಲ್ಲದೆಯೇ ಹಾಕಿರುತ್ತದೆ. ದುರಸ್ತಿಯ ವೇಳೆ 48 ಅಂಕಿಗಳ ಕೀಲಿ ಕೇಳಿದಾಗ ಅದು ಇಲ್ಲದಿದ್ದರೆ ಡಿಸ್ಕ್ ಸರಿಯಿದ್ದರೂ ಲೆಕ್ಕ ಸಿಗುವುದಿಲ್ಲ. ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುವ ಆ ಕೀಲಿಯನ್ನು ಇಂದೇ ಕಾಗದದ ಮೇಲೆ ಬರೆದು ತಿಜೋರಿಯಲ್ಲಿ ಇಡುವುದು ಲೇಸು.

ಲೆಕ್ಕ ಕೈಗೆ ಬಂದು, ಇನ್ನೊಂದು ಯಂತ್ರದಲ್ಲಿ ಅದು ತೆರೆದುಕೊಳ್ಳುತ್ತದೆಂದು ಖಾತ್ರಿಯಾದ ಮೇಲೆ ಬೇಕಿದ್ದರೆ ಫಾರ್ಮ್ಯಾಟ್ ಮಾಡಿಸಬಹುದು. ಆಗಲೂ ಲೆಕ್ಕದ ತಂತ್ರಾಂಶದ ಪರವಾನಗಿ, ಡಿಜಿಟಲ್ ಸಹಿಯ ಟೋಕನ್‌ಗೆ ಬೇಕಾದ ತಂತ್ರಾಂಶ, ಹಳೆಯ ಪತ್ರಗಳಿಗೆ ಬಳಸಿದ ನುಡಿ ಅಥವಾ ಶ್ರೀಲಿಪಿ ಅಕ್ಷರಗಳು ಇವೆಲ್ಲವನ್ನೂ ಪಟ್ಟಿ ಮಾಡಿಕೊಳ್ಳಬೇಕು. ಹಳೆಯ ಅಕ್ಷರಶೈಲಿಗಳನ್ನು ಮರಳಿ ಹಾಕದಿದ್ದರೆ ಆ ಕಾಲದ ಕನ್ನಡ ಪತ್ರಗಳು ಅರ್ಥವಿಲ್ಲದ ಚಿಹ್ನೆಗಳಂತೆ ಕಾಣುತ್ತವೆ.

ಅಪ್‌ಡೇಟ್ ನಿಲ್ಲಿಸುವುದು ಪರಿಹಾರವಲ್ಲ

ಒಮ್ಮೆ ಪೆಟ್ಟು ತಿಂದವರು ಅಪ್‌ಡೇಟ್ ವ್ಯವಸ್ಥೆಯನ್ನೇ ಬಂದ್ ಮಾಡಿಸುವುದುಂಟು. ಇದು ಕಳ್ಳನಿಗೆ ಬಾಗಿಲು ತೆರೆದಿಟ್ಟಂತೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಗಣಕಯಂತ್ರಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ನುಗ್ಗಿದ ರಂಧ್ರವನ್ನು ಮುಚ್ಚುವ ಅಪ್‌ಡೇಟ್ ಮಾರ್ಚಿಯಲ್ಲಿಯೇ ಬಂದಿತ್ತು. ಹಾಕಿಕೊಳ್ಳದವರೇ ಹೆಚ್ಚಾಗಿ ಬಲಿಯಾದರು. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ಮುಗಿದಿದೆ. ಇನ್ನೂ ಇವುಗಳಲ್ಲಿಯೇ ಲೆಕ್ಕ ಇಟ್ಟಿರುವವರು ಮುಂದಿನ ಯಂತ್ರದ ಖರ್ಚನ್ನು ಈಗಲೇ ಲೆಕ್ಕಹಾಕಿಕೊಳ್ಳುವುದು ಜಾಣತನ.

ನಿಲ್ಲಿಸುವುದಕ್ಕೆ ಬದಲಾಗಿ ಕಾಲವನ್ನು ಆರಿಸಿಕೊಳ್ಳಬೇಕು. ಅಪ್‌ಡೇಟ್‌ಗಳನ್ನು ಕೆಲವು ವಾರ ಮುಂದೂಡುವ ಸೌಲಭ್ಯ ವಿಂಡೋಸ್‌ನಲ್ಲಿಯೇ ಇದೆ. ತಿಂಗಳ ಆರಂಭದಿಂದ 20ರವರೆಗೆ ಮುಂದೂಡಿ, 21ರ ನಂತರದ ಬಿಡುವಿನ ಹಗಲಿನಲ್ಲಿ ಹಾಕಿಕೊಂಡರೆ ಎರಡು ಲಾಭ. ಕಡೆಯ ದಿನದ ಆತಂಕವಿಲ್ಲ, ಮತ್ತು ದೋಷವಿರುವ ಅಪ್‌ಡೇಟ್ ಆಗಿದ್ದರೆ ಅಷ್ಟರೊಳಗೆ ಅದು ಬಯಲಾಗಿರುತ್ತದೆ. ಅಪ್‌ಡೇಟ್‌ಗೆ ಮೊದಲು ಸಿ ಡ್ರೈವಿನಲ್ಲಿ 20ರಿಂದ 30 ಗಿಗಾಬೈಟ್ ಜಾಗ ಖಾಲಿಯಿರಬೇಕು. ಮೇಜಿನ ಯಂತ್ರಕ್ಕೆ ಯುಪಿಎಸ್, ಲ್ಯಾಪ್‌ಟಾಪಿಗೆ ತುಂಬಿದ ಬ್ಯಾಟರಿ ಇರಬೇಕು.

ಎರಡು ಪೆನ್‌ಡ್ರೈವ್, ಒಂದು ವಾರ

ಎಲ್ಲಕ್ಕಿಂತ ಅಗ್ಗದ ವಿಮೆ ಎಂದರೆ ಎರಡು ಪೆನ್‌ಡ್ರೈವ್. ಪ್ರತಿದಿನ ಅಲ್ಲವಾದರೂ ವಾರಕ್ಕೊಮ್ಮೆ, ಸಂತೆಯ ದಿನವೋ ಅಮಾವಾಸ್ಯೆಯೋ ಎಂಬಂತೆ ದಿನ ಗೊತ್ತುಮಾಡಿಕೊಂಡು ಲೆಕ್ಕದ ಪ್ರತಿ ತೆಗೆಯಬೇಕು. ಈ ವಾರ ಒಂದಕ್ಕೆ, ಮುಂದಿನ ವಾರ ಇನ್ನೊಂದಕ್ಕೆ. ಒಂದು ಮನೆಯಲ್ಲಿದ್ದರೆ ಮತ್ತೊಂದು ಅಂಗಡಿಯಲ್ಲಿರಬೇಕು. ಎರಡನ್ನೂ ಯಂತ್ರಕ್ಕೆ ಚುಚ್ಚಿಯೇ ಬಿಟ್ಟಿರಬಾರದು. ಮೂರು ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೆ ಯಂತ್ರದಲ್ಲಿ ತೆರೆದು, ಕೊನೆಯ ಬಿಲ್ಲು ಕಾಣುತ್ತದೆಯೇ ಎಂದು ನೋಡಬೇಕು. ತೆರೆದು ನೋಡದ ಪ್ರತಿ, ಎಣಿಸದ ಗಲ್ಲಾ ಪೆಟ್ಟಿಗೆಯಂತೆ. ಇದೆ ಎಂಬ ನಂಬಿಕೆ ಮಾತ್ರ ಇರುತ್ತದೆ.

ಹಿಂದಿನ ಪೀಳಿಗೆಯ ವ್ಯಾಪಾರಸ್ಥರು ದೀಪಾವಳಿಯಂದು ಖಾತೆ ಪುಸ್ತಕಕ್ಕೆ ಅರಿಶಿನ-ಕುಂಕುಮ ಹಚ್ಚಿ ಪೂಜಿಸುತ್ತಿದ್ದರು, ಮಳೆಗಾಲದಲ್ಲಿ ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಅಂಗಡಿಯ ಸೂರು ಸೋರಿದರೆ ಮೊದಲು ಎತ್ತಿಡುತ್ತಿದ್ದದ್ದು ಸರಕನ್ನಲ್ಲ, ಪುಸ್ತಕವನ್ನು. ಪುಸ್ತಕ ಇಂದು ಯಂತ್ರದೊಳಗೆ ಸೇರಿದೆ, ಆ ರೂಢಿಯೂ ಅದರೊಡನೆ ಬರಬೇಕು. ಜೂನ್ 19ರ ರಾತ್ರಿ ನೀಲಿ ಪರದೆ ಕಂಡ ವ್ಯಾಪಾರಿಯು ದುರಸ್ತಿಗಾರನಿಗೆ ಹೇಳಬೇಕಾದ ಮಾತು ಒಂದೇ: ಯಂತ್ರ ನಾಳೆಯಾದರೂ ಆಗಲಿ, ಮೊದಲು ಲೆಕ್ಕ ತೆಗೆದುಕೊಡಿ.