ಹಿತ್ತಿಲ ಹಣ್ಣಿಗೆ ಮೂರು ಪಾಲು

ಹಣ್ಣಿನ ಮರಕ್ಕೆ ಗೃಹಿಣಿಯ ಲೆಕ್ಕಾಚಾರ ತಿಳಿಯದು. ದಿನಕ್ಕೆ ನಾಲ್ಕರಂತೆ ವರ್ಷವಿಡೀ ಕೊಡೆಂದರೆ ಕೊಡುವುದಿಲ್ಲ. ತಿಂಗಳುಗಟ್ಟಲೆ ಕಾಯಿಸಿ, ಆಮೇಲೆ ಒಂದೆರಡು ವಾರಗಳಲ್ಲಿ ಮಂಕರಿಗಟ್ಟಲೆ ಸುರಿದುಬಿಡುತ್ತದೆ!

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಹಿತ್ತಿಲುಳ್ಳ ಮನೆಯವರಿಗೆಲ್ಲ ಈ ಅನುಭವ ಉಂಟು. ಬೇಸಗೆಯಲ್ಲಿ ಮಾವು, ಆಷಾಢದ ಹೊತ್ತಿಗೆ ನೇರಳೆ, ಮಳೆಗಾಲ ಕಳೆಯುತ್ತ ಸೀತಾಫಲ. ಮನೆಮಂದಿಯೆಲ್ಲ ತಿಂದು ಮಿಕ್ಕಿದ್ದು ಅಂಗಳದಲ್ಲಿ ಕೊಳೆಯುತ್ತದೆ, ನೊಣ ಮುತ್ತುತ್ತದೆ. “ಈ ಮರದ ಕಾಟ ಸಾಕಾಯಿತು, ಕಡಿಸಿಬಿಡೋಣ” ಎಂಬ ಮಾತು ಹೊರಡುತ್ತದೆ.

ಕಡಿಸುವ ಮುನ್ನ ಒಂದು ಸಂಗತಿಯನ್ನು ನೆನೆಯಬೇಕು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿಗಳು ನಂದಿಯ ಸುತ್ತಣ ಬೆಟ್ಟಗಳಲ್ಲೇ ಹುಟ್ಟಿದರೂ, ವರ್ಷವಿಡೀ ಹರಿಯುವ ಹೊಳೆ ಈ ಸೀಮೆಗಿಲ್ಲ. ಕೆರೆ ತುಂಬಿದರೆ ಸರಿ. ಇಲ್ಲವಾದರೆ ಸಾವಿರ ಅಡಿ ಮೀರಿದ ಕೊಳವೆ ಬಾವಿಯೇ ಗತಿ. ಅಂಥ ನೀರುಂಡು ಮಾಗಿದ ಹಣ್ಣು ಕೊಳೆತರೆ, ಹಾಳಾಗುವುದು ಹಣ್ಣೊಂದೇ ಅಲ್ಲ. ಆದುದರಿಂದ ಮನೆಗೆ ಬೇಕಾದಷ್ಟನ್ನು ಇಟ್ಟುಕೊಂಡು, ಮಿಕ್ಕದ್ದನ್ನು ಮೂರು ಪಾಲು ಮಾಡುವುದು ಲೇಸು.

ಮೊದಲನೆಯದು ನೆರೆಮನೆಯ ಪಾಲು. ಹಣ್ಣು ಬಿದ್ದು ಜಜ್ಜುವ ಮೊದಲೇ ದೋಟಿಯಿಂದ ಕಿತ್ತು, ಅಂದೇ ಹಂಚಬೇಕು. ನಾವು ತಿನ್ನಲೊಲ್ಲದ್ದನ್ನು ಕಳುಹಿಸುವುದು ದಾನವಲ್ಲ, ಕಸ ವಿಲೇವಾರಿ! ಊರೂರಿಗೂ ಗುಂಡುತೋಪು ಬೆಳೆಸಿ, ದಾರಿಹೋಕನಿಗೆ ನೆರಳಿತ್ತ ನಾಡು ನಮ್ಮದು. ತೋಪಿನಷ್ಟು ಉದಾರವಾಗದಿದ್ದರೂ, ಬೇಲಿಯಾಚೆಗೆ ಒಂದು ಬುಟ್ಟಿ ದಾಟಿಸಲಾರೆವೆ?

ಎರಡನೆಯದು ಹಕ್ಕಿಯ ಪಾಲು. ದೋಟಿಗೆ ಎಟುಕದ ತುದಿಕೊಂಬೆಗಳನ್ನು ಕೋಗಿಲೆ, ಕುಟ್ರುಹಕ್ಕಿ, ಗಿಳಿ, ಅಳಿಲುಗಳಿಗೆ ಬಿಟ್ಟುಬಿಡಿ. ದಕ್ಷಿಣ ಭಾರತದ ಬಂಡೆಗುಡ್ಡಗಳಲ್ಲಲ್ಲದೆ ಜಗತ್ತಿನ ಬೇರೆಲ್ಲಿಯೂ ಇಲ್ಲದ ಹಳದಿ ಕೊರಳಿನ ಪಿಕಳಾರ ನಂದಿ ಬೆಟ್ಟದಲ್ಲಿದೆ. ಅದಕ್ಕೂ ಹಣ್ಣೇ ಮುಖ್ಯ ಆಹಾರಗಳಲ್ಲೊಂದು. ಶಿಡ್ಲಘಟ್ಟದ ಹಿಪ್ಪುನೇರಳೆ ತೋಟಗಳಲ್ಲಿ ರೇಷ್ಮೆಹುಳುವಿಗಾಗಿ ಸೊಪ್ಪನ್ನು ಮತ್ತೆ ಮತ್ತೆ ಕೊಯ್ಯುವುದರಿಂದ ಹಣ್ಣು ಮಾಗುವುದೇ ಅಪರೂಪ. ಒಂದು ಗಿಡವನ್ನು ಮರವಾಗಲು ಬಿಟ್ಟರೆ ಹಕ್ಕಿಗೂ ಮಕ್ಕಳಿಗೂ ಹಬ್ಬ. 2013ರಲ್ಲಿ ಭೌಗೋಳಿಕ ಗುರುತು ಪಡೆದ ಬೆಂಗಳೂರು ನೀಲಿ ದ್ರಾಕ್ಷಿಯ ಬೆಳೆಗಾರ ತೋಟಕ್ಕೆ ಬಲೆ ಕಟ್ಟಿದರೆ ತಪ್ಪೆನ್ನಲಾಗದು. ಅದು ಅವನ ಅನ್ನ. ಆದರೆ ಹಿತ್ತಿಲ ಮರ ನಮ್ಮ ಜೀವನೋಪಾಯವಲ್ಲ. ಸಡಿಲವಾಗಿ ಹೊದಿಸಿದ ಬಲೆಯಲ್ಲಿ ಹಕ್ಕಿಯ ಕಾಲು ಸಿಕ್ಕಿದರೆ, ನಾಲ್ಕು ಸೀಬೆಹಣ್ಣಿಗೆ ಒಂದು ಪ್ರಾಣದ ಬೆಲೆ ತೆತ್ತಂತಾಗುತ್ತದೆ.

ಮೂರನೆಯದು ಮಣ್ಣಿನ ಪಾಲು. ಗಿಳಿ ಕಚ್ಚಿದ ಹಣ್ಣು ಸಿಹಿಯೆಂದು ಹಿರಿಯರು ಹೇಳುತ್ತಿದ್ದರು. ಇಂದು ಆ ಮಾತನ್ನು ಪಾಲಿಸಲಾಗದು. ಕಚ್ಚಿದ್ದು ಗಿಳಿಯೋ ಬಾವಲಿಯೋ ಬಲ್ಲವರಾರು? 2018ರಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ಪ್ರಾಣ ತೆಗೆದ ನಿಪಾ ರೋಗದ ವೈರಾಣುವಿಗೆ ಹಣ್ಣುಬಾವಲಿಯೇ ಸಹಜ ಆಶ್ರಯ. 1998ರಲ್ಲಿ ಮಲೇಷ್ಯಾದಲ್ಲಿ ಅದು ಬಾವಲಿ ತಿಂದುಳಿದ ಹಣ್ಣಿನ ಮೂಲಕ ಹಂದಿಗಳಿಗೂ, ಹಂದಿಗಳಿಂದ ಮನುಷ್ಯರಿಗೂ ಹರಡಿತೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಆದುದರಿಂದ ಕಚ್ಚಿದ ಹಣ್ಣನ್ನು ಮಕ್ಕಳಿಗೂ ಕೊಡಬೇಡಿ, ಹಸುವಿನ ಕಲಗಚ್ಚಿಗೂ ಹಾಕಬೇಡಿ. ಗುಂಡಿಯಲ್ಲಿ ಹೂತು ಕೈ ತೊಳೆಯಿರಿ. ಒಳ್ಳೆಯ ಹಣ್ಣನ್ನೂ ತೊಳೆದೇ ತಿನ್ನಿರಿ. ಹಾಗೆಂದು ಬಾವಲಿಯನ್ನು ಕೊಲ್ಲಹೊರಡುವುದು ಅವಿವೇಕ. ರಾತ್ರಿಯ ಹೊತ್ತು ಇಪ್ಪೆಯ ಹೂವಿಗೆ ಪರಾಗ ಮುಟ್ಟಿಸಿ, ದೂರದೂರಕ್ಕೆ ಬೀಜ ಒಯ್ಯುವ ತೋಟಗಾರ ಅದು.

ನೆರೆಯವರು ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ನಮ್ಮ ಮನೆಗಳ ಸಂಪ್ರದಾಯ; ತಳದಲ್ಲಿ ಒಂದು ಚಿಟಿಕೆ ಸಕ್ಕರೆಯಾದರೂ ಇರಬೇಕು. ಹಕ್ಕಿಗೂ ಆ ರೀತಿ ತಿಳಿದಂತಿದೆ. ಮುಂದಿನ ಮಳೆಗಾಲದಲ್ಲಿ ಬೇಲಿಯ ಬದಿಯನ್ನು ನೋಡಿರಿ. ನೀವು ನೆಡದ ನೇರಳೆಯ ಸಸಿಯೊಂದು ಅಲ್ಲಿ ಎರಡೆಲೆ ಬಿಟ್ಟು ನಿಂತಿರಬಹುದು.